ಗೋವಾನಾದ ಹಿಂದಿನ ಸೀಟು

ಮೆರಿನ್ ಟ್ರಿಜೆನ್ಜಾಗೆ ಆ ಕಾಗದ ಬಂದದ್ದು ಜುಲೈ ತಿಂಗಳ ಒಂದು ಸೋಮವಾರ. ಕೂತು ಓದುವ ಜಾಯಮಾನ ಅವಳದಲ್ಲ. ಅಡಿಲೇಡಿನ ಕಚೇರಿಯ ಕಿಟಕಿಯ ಬಳಿ ನಿಂತು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಓದುಗರ ಪತ್ರಗಳ ಮೇಲೆ ಕಣ್ಣಾಡಿಸಿ ಪಕ್ಕಕ್ಕೆಸೆಯುವುದು ಅವಳ ರೂಢಿ. ಹತ್ತೊಂಬತ್ತು ವರ್ಷದಿಂದ ಪತ್ರಿಕೆಗಾಗಿ ಹೊಸ ವಾಹನಗಳನ್ನು ಓಡಿಸಿ ನೋಡಿ ಬರೆಯುತ್ತಿದ್ದವಳಿಗೆ ಬೈಗುಳವೂ ಹೊಸದಲ್ಲ, ಹೊಗಳಿಕೆಯೂ ಹೊಸದಲ್ಲ. ಈ ಕಾಗದ ಎರಡೂ ಆಗಿರಲಿಲ್ಲ. ಗೆರೆ ಎಳೆದ ಹಾಳೆಯ ಮೇಲೆ ಒತ್ತಿ ಬರೆದ ದಪ್ಪ ಅಕ್ಷರಗಳಲ್ಲಿ ಹೀಗಿತ್ತು:

‘ಮೇಡಂ, ಟೊರೆಕ್ ಗೋವಾನಾ ಬಗ್ಗೆ ನೀವು ಬರೆದದ್ದನ್ನು ಓದಿ ಆ ಯೂಟನ್ನು ಕೊಂಡುಕೊಂಡೆ. ನನ್ನದು ಕುರಿಗಳ ಉಣ್ಣೆ ಕತ್ತರಿಸುವ ತಂಡ. ನಾಲ್ಕು ಜನರನ್ನು ಕೂರಿಸಿಕೊಂಡು, ಕೆಲಸದ ಸಾಮಾನೆಲ್ಲ ಹೇರಿಕೊಂಡು ಈ ದೇಶದ ಯಾವ ಹಾದಿಗಾದರೂ ಇದನ್ನು ಇಳಿಸಬಹುದು ಎಂದು ನೀವು ಬರೆದಿದ್ದೀರಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನೀವು ಇದರ ಹಿಂದಿನ ಸೀಟಿನಲ್ಲಿ ಕೂತಿದ್ದಿರಾ ಎಂದು ನನ್ನ ಜನ ಕೇಳುತ್ತಿದ್ದಾರೆ. ಆಗಸ್ಟ್ ಮೂರನೇ ವಾರ ನಾವು ಪೀಟರ್‌ಬರೋದಿಂದ ವಿಲ್ಕಪಾರಾ ಕುರಿಫಾರಂಗೆ ಹೋಗುತ್ತೇವೆ. ಬನ್ನಿ, ಹಿಂದೆ ಜಾಗ ಇದೆ. ಇತಿ, ಆರ್ನೋ ಶಿರ್ಮರ್.’

ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಮೇಜಿನ ಮೇಲೆ ಬೋರಲು ಹಾಕಿ ಕಾಫಿ ತರಲು ಹೋದಳು. ಬಂದು ಮತ್ತೆ ತಿರುಗಿಸಿ ನೋಡಿದಳು.

ಆ ವಾಕ್ಯ ಅವಳಿಗೆ ಚೆನ್ನಾಗಿ ನೆನಪಿತ್ತು. ಹಿಂದಿನ ವರ್ಷ ಟೊರೆಕ್ ಕಂಪನಿಯವರು ಹನ್ನೆರಡು ಮಂದಿ ಬರಹಗಾರರನ್ನು ಕೆಂಪು ಮರಳುಗುಡ್ಡಗಳ ನಾಡಿಗೆ ವಿಮಾನದಲ್ಲಿ ಕರೆದೊಯ್ದಿದ್ದರು. ಉಡದ ಹೆಸರು ಹೊತ್ತ, ಹಿಂದೆ ಸಾಮಾನಿಗೆ ತೆರೆದ ತೊಟ್ಟಿಯಿದ್ದ ಆ ಯೂಟು ನಿಜಕ್ಕೂ ಉಡದಂತೆಯೇ ಮರಳನ್ನು ತಬ್ಬಿ ಹತ್ತಿತು. ತಲೆಗೆ ಹೆಲ್ಮೆಟ್ ಹಾಕಿ, ಗುಡ್ಡದ ನೆತ್ತಿಯಿಂದ ಅದನ್ನು ಗಾಳಿಗೆ ಹಾರಿಸಿ, ಅದು ಬೆಕ್ಕಿನ ಹಾಗೆ ಮೆತ್ತಗೆ ನೆಲಕ್ಕೆ ಕಾಲೂರಿದಾಗ ಮೆರಿನ್ ಸ್ಟೀರಿಂಗ್ ಹಿಂದೆ ಕೂತು ಒಬ್ಬಳೇ ನಕ್ಕಿದ್ದಳು. ತೊಟ್ಟಿ ಖಾಲಿ, ಹಿಂದಿನ ಸೀಟು ಖಾಲಿ. ಹಿಂದಿನ ಸೀಟಿನಲ್ಲಿ ಅವಳು ಕೂತದ್ದು ಹೋಟೆಲಿನ ಮುಂದೆ, ಛಾಯಾಗ್ರಾಹಕ ಬೆಳಕು ಸರಿಮಾಡಿಕೊಳ್ಳುವಷ್ಟು ಹೊತ್ತು. ವಾಪಸು ಬರುವಾಗ ವಿಮಾನ ನಿಲ್ದಾಣದಲ್ಲಿ ಬರಹ ಮುಗಿಸಲು ಕೊನೆಗೊಂದು ಗಟ್ಟಿ ವಾಕ್ಯ ಬೇಕಾಗಿತ್ತು. ಬಾಯಿಗೆ ಬಂದದ್ದನ್ನು ಬರೆದು ಕಳಿಸಿ ವಿಮಾನ ಹತ್ತಿದ್ದಳು.

ಎರಡು ದಿನ ಆ ಕಾಗದವನ್ನು ಮರೆಯಲು ನೋಡಿದಳು. ಅವಳ ಬದುಕೇ ಮರೆಯಲು ಅನುಕೂಲವಾದಂಥದ್ದು. ಪ್ರತಿ ಸೋಮವಾರ ಹೊಸ ಕೀಲಿಕೈ, ಮುಂದಿನ ಸೋಮವಾರ ಅದು ವಾಪಸು. ಅವಳದೆಂಬ ಕಾರಿಲ್ಲ. ಫ್ಲ್ಯಾಟಿಗೆ ಬಂದು ಆರು ವರ್ಷವಾದರೂ ನಾಲ್ಕು ಪೆಟ್ಟಿಗೆಗಳ ಹಗ್ಗ ಬಿಚ್ಚಿರಲಿಲ್ಲ. ಹಿಂದೆ ಮದುವೆಯಾಗಿದ್ದವನು, ನೀನು ಊಟಕ್ಕೆ ಕೂತರೂ ಎಂಜಿನ್ ಆರಿಸದೆ ಕೂತ ಹಾಗಿರುತ್ತೀಯ ಎಂದಿದ್ದ. ಆದರೆ ಬುಧವಾರ ಸಂಜೆ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ, ಯಾರೋ ತನ್ನನ್ನು ಹಿಂದಿನಿಂದ ನೋಡುತ್ತಿದ್ದಾರೆ ಅನ್ನಿಸಿ ತಿರುಗಿದಳು. ಯಾರೂ ಇರಲಿಲ್ಲ. ಸಾಮಾನನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಆರ್ನೋ ಶಿರ್ಮರ್‌ಗೆ ಫೋನ್ ಮಾಡಿದಳು. ಅವನು ಆಗಸ್ಟಿನ ಆ ವಾರದ ಮಂಗಳವಾರ ಬೆಳಿಗ್ಗೆ ಆರಕ್ಕೆ ಸಿದ್ಧವಿರಿ ಎಂದ. ದಪ್ಪ ಜಾಕೆಟ್ ತರಲು ಹೇಳಿ ಇಟ್ಟುಬಿಟ್ಟ.

*

ಆ ವಾರ ಅವಳ ಪಾಲಿಗೆ ಬಂದಿದ್ದದ್ದು ನಿಂಬೆಹಣ್ಣಿನ ಬಣ್ಣದ ಪುಟ್ಟ ಕಾರು. ಅದನ್ನು ಪೀಟರ್‌ಬರೋದಲ್ಲಿ ಆರ್ನೋನ ಮನೆಯ ಮುಂದೆ ನಿಲ್ಲಿಸಿದಾಗ ಬೀದಿಯ ಹುಲ್ಲಿನ ಮೇಲೆ ಚಳಿಗಾಲದ ಬಿಳಿ ಹಿಮ ಕೂತಿತ್ತು. ಆರ್ನೋ ಐವತ್ತೆಂಟರ ಅಗಲ ಭುಜದ ಮನುಷ್ಯ. ಕೈಕುಲುಕಿ, ಕಾರನ್ನು ನೋಡಿ, ಅದಕ್ಕೆ ಬೇಲಿ ಹತ್ತಿರ ಜಾಗ ಮಾಡಿಕೊಟ್ಟ. ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದ ಮೆರಿನ್‌ಗೆ ಅವನು ಬೈಯದೇ ಇದ್ದದ್ದು ಕಸಿವಿಸಿಯಾಯಿತು.

ಗೋವಾನಾ ಗೇಟಿನ ಬಳಿ ನಿಂತಿತ್ತು. ಮರಳಿನ ಮೇಲೆ ಮೂತಿ ಎತ್ತಿ ನಿಂತಿದ್ದ ಗಾಡಿ ಇಲ್ಲಿ ಹಿಂಭಾಗ ಕುಸಿದು, ಕುಂಡೆ ನೆಲಕ್ಕಿಟ್ಟ ನಾಯಿಯ ಹಾಗೆ ಕಾಣುತ್ತಿತ್ತು. ತೊಟ್ಟಿಯಲ್ಲಿ ಕತ್ತರಿಯ ಹಲ್ಲು ಮಸೆಯುವ ಯಂತ್ರ, ಉಪಕರಣಗಳ ಕಬ್ಬಿಣದ ಪೆಟ್ಟಿಗೆಗಳು, ಹಾಸಿಗೆಯ ಸುರುಳಿಗಳು, ಅಡಿಗೆಯ ಡಬ್ಬಗಳು, ನೀರಿನ ಕ್ಯಾನುಗಳು. ತಂಡದ ಉಳಿದವರು ಹಳೆಯ ವ್ಯಾನಿನಲ್ಲಿ ಆಗಲೇ ಹೊರಟಿದ್ದರು.

ಯೂಟಿಗೆ ಒರಗಿಕೊಂಡು ಇಬ್ಬರು ನಿಂತಿದ್ದರು. ಒಬ್ಬ ಲೆಸ್ಟರ್ ಕಫ್, ಹದಿನೇಳನೇ ವಯಸ್ಸಿನಿಂದ ಕುರಿ ಬೋಳಿಸುತ್ತ ಬಂದವನು. ಸಣಕಲು, ಬೆನ್ನು ಸ್ವಲ್ಪ ಮುಂದಕ್ಕೆ ಬಾಗಿದ್ದು ನೇರವಾಗುವುದನ್ನೇ ಮರೆತಿತ್ತು. ಇನ್ನೊಬ್ಬಳು ನೈರೀ, ನ್ಯೂಜಿಲೆಂಡಿನಿಂದ ಬಂದು ಹತ್ತು ವರ್ಷವಾದ ಮಾವೊರಿ ಹೆಂಗಸು. ಬೋಳಿಸಿದ ಉಣ್ಣೆಯನ್ನು ಎತ್ತಿ, ಎಸೆದು, ಬೇರ್ಪಡಿಸುವ ಕೆಲಸ ಅವಳದು. ಮೆರಿನ್ ಹಿಂದಿನ ಬಾಗಿಲು ತೆರೆದಾಗ ಲೆಸ್ಟರ್ ಟೋಪಿ ಮುಟ್ಟಿಕೊಂಡ.

“ನಿಮ್ಮ ದಯದಿಂದ ಇವತ್ತು ನನಗೆ ಮುಂದಿನ ಸೀಟು ಸಿಕ್ತು ತಾಯಿ. ಆರು ತಿಂಗಳಿಂದ ಆ ಹಿಂದಿನದೇ ನನ್ನ ಜಾಗ. ಬೆಚ್ಚಗೆ ಮಾಡಿಟ್ಟಿದೀನಿ.”

ಯುಂಟಾ ಎಂಬ ಊರಿನವರೆಗೆ ಡಾಂಬರು ರಸ್ತೆ. ಅಲ್ಲಿಯತನಕ ಮೆರಿನ್‌ಗೆ ದೂರುವಂಥದ್ದೇನೂ ಕಾಣಲಿಲ್ಲ, ಸೀಟಿನ ಬೆನ್ನು ತೀರಾ ನೆಟ್ಟಗಿದೆ ಅನ್ನುವುದೊಂದು ಬಿಟ್ಟರೆ. ಆದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವಳು ಬೇರೆಯವರ ಗಾಡಿಯಲ್ಲಿ ಕೂತು ಎಷ್ಟೋ ವರ್ಷವಾಗಿತ್ತು. ಆರ್ನೋ ತಿರುವಿನಲ್ಲಿ ತಡವಾಗಿ ಬ್ರೇಕ್ ಒತ್ತಿದಾಗೆಲ್ಲ ಅವಳ ಬಲಗಾಲು ನೆಲವನ್ನು ಒತ್ತುತ್ತಿತ್ತು. ನೈರೀ ಅದನ್ನು ನೋಡಿಯೂ ನೋಡದವಳಂತೆ ಮೊಟ್ಟೆ ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು.

ಯುಂಟಾ ದಾಟಿ ಉತ್ತರಕ್ಕೆ ತಿರುಗಿದೊಡನೆ ಮಣ್ಣುಹಾದಿ ಶುರುವಾಯಿತು. ನೂರ ಮೂವತ್ತು ಕಿಲೋಮೀಟರು. ಲಾರಿಗಳು ಓಡಿ ಓಡಿ ಹಾದಿಯ ಮೈಯೆಲ್ಲ ಸೂರಿನ ತಗಡಿನಂತೆ ಅಲೆಯೆದ್ದಿತ್ತು. ನಡುನಡುವೆ ಮಳೆನೀರು ಕೊರೆದ ತಗ್ಗುಗಳು. ಮೊದಲ ತಗ್ಗಿಗೆ ಇಳಿದಾಗ ಹಿಂದಿನ ಸ್ಪ್ರಿಂಗುಗಳು ಪೂರ್ತಿ ಕುಗ್ಗಿ, ಅಚ್ಚು ಮೇಲಕ್ಕೆದ್ದು ತಡೆಗೆ ಬಡಿಯಿತು. ಆ ಪೆಟ್ಟು ಸೀಟಿನ ತಳದಿಂದ ಹೊರಟು ಮೆರಿನ್‌ಳ ಹಲ್ಲಿನವರೆಗೆ ಬಂತು.

“ಕೆಲಸಕ್ಕೂ ಸೈ,” ಎಂದ ಮುಂದಿನಿಂದ ಲೆಸ್ಟರ್.

“ಆಟಕ್ಕೂ ಸೈ,” ಎಂದಳು ನೈರೀ, ಬಾಯಲ್ಲಿ ಮೊಟ್ಟೆ ಇಟ್ಟುಕೊಂಡೇ.

ಅದು ಮೆರಿನ್‌ಳ ಬರಹದ ತಲೆಬರಹ. ಆರು ತಿಂಗಳಿಂದ ಈ ಗಾಡಿಯ ಹಿಂಭಾಗ ಬಡಿದಾಗಲೆಲ್ಲ ಇವರು ಹೀಗೆ ಹೇಳುತ್ತ ಬಂದಿದ್ದರೆಂದು ಅವಳಿಗೆ ತಿಳಿಯಿತು. ಮುಂದಿನ ತಗ್ಗಿನಲ್ಲೂ ಹೇಳಿದರು, ಅದರ ಮುಂದಿನದರಲ್ಲೂ. ಐದನೆಯದಕ್ಕೆ ಆರ್ನೋ ಕೂಡ ಸೇರಿಕೊಂಡ. ಹತ್ತನೆಯದಕ್ಕೆ ಯಾರೂ ಹೇಳಲಿಲ್ಲ, ಎಲ್ಲರಿಗೂ ಸಾಕಾಗಿತ್ತು. ಮೆರಿನ್ ಒಂದು ಕೈಯಲ್ಲಿ ಮೇಲಿನ ಹಿಡಿಕೆ ಹಿಡಿದು, ಇನ್ನೊಂದನ್ನು ಸೊಂಟದ ಹಿಂದಿಟ್ಟುಕೊಂಡು ಕೂತಳು. ಮುಂದಿನ ಸೀಟಿನ ಬೆನ್ನು ಅಡ್ಡವಾಗಿದ್ದದ್ದರಿಂದ ಹಾದಿ ಕಾಣದು. ಏನು ಬರುತ್ತಿದೆಯೆಂದು ಗೊತ್ತಾಗುವುದು ಅದು ಬಂದು ಬಡಿದ ಮೇಲೆಯೇ. ನಲವತ್ತು ಕಿಲೋಮೀಟರಿಗೆ ಕಿಟಕಿಯ ಗಾಜು ಇಳಿಸಿದಳು. ಅರವತ್ತಕ್ಕೆ ಗಾಡಿ ನಿಲ್ಲಿಸಲು ಹೇಳಿ, ಇಳಿದು, ಉಪ್ಪುಗಿಡಗಳ ಪಕ್ಕದಲ್ಲಿ ಬಗ್ಗಿ ವಾಂತಿ ಮಾಡಿದಳು. ನೈರೀ ನೀರಿನ ಬಾಟಲಿ ತಂದುಕೊಟ್ಟು, ನಾಚ್ಕೋಬೇಡ, ನಮ್ಮ ಅಡಿಗೆಯವನಿಗೂ ಮೊದಲ ಸಲ ಹೀಗೇ ಆಯ್ತು, ಆಮೇಲೆ ಅವನು ವ್ಯಾನಿಗೆ ಓಡಿಹೋದ ಎಂದಳು.

ಹತ್ತುವ ಮುನ್ನ ಮೆರಿನ್ ಬಾಗಿಲ ಚೌಕಟ್ಟಿಗೆ ಅಂಟಿಸಿದ್ದ ಚೀಟಿಯನ್ನು ಮೊದಲ ಬಾರಿಗೆ ಓದಿದಳು. ಈ ಗಾಡಿ ಎಷ್ಟು ಭಾರ ಹೊರಬಹುದೆಂದು ಅದರಲ್ಲಿತ್ತು. ಮಾಮೂಲಿ ಯೂಟು ಹೊರುವುದಕ್ಕಿಂತ ಮುನ್ನೂರು ಕಿಲೋ ಕಡಿಮೆ. ಮರಳಿನ ಮೇಲೆ ಬೆಕ್ಕಿನಂತೆ ಇಳಿಯಬೇಕಾದರೆ ಸ್ಪ್ರಿಂಗು ಮೆತ್ತಗಿರಬೇಕು, ಸ್ಪ್ರಿಂಗು ಮೆತ್ತಗಿದ್ದರೆ ಹೊರೆ ಹೊರಲಾಗದು. ಇದು ಅವಳಿಗೆ ಗೊತ್ತಿಲ್ಲದ ವಿಷಯವಲ್ಲ. ಅಲ್ಲೇ ನಿಂತು ನಾಲ್ವರ ತೂಕ, ಪೆಟ್ಟಿಗೆಗಳ ತೂಕ, ನೀರಿನ ತೂಕ ಕೂಡಿಸಿ ನೋಡಿದಳು. ಅಂದಾಜು ನೂರು ಕಿಲೋ ಜಾಸ್ತಿ. ಕಂಪನಿ ಸುಳ್ಳು ಹೇಳಿರಲಿಲ್ಲ. ಚೀಟಿ ಅಂಟಿಸಿತ್ತು.

*

ವಿಲ್ಕಪಾರಾದ ಉಣ್ಣೆ ಕೊಟ್ಟಿಗೆ ತಗಡಿನದು, ನೂರು ವರ್ಷದ್ದು. ಮಧ್ಯಾಹ್ನವೇ ಕೆಲಸ ಶುರುವಾಯಿತು. ನಾಲ್ಕು ಜನ ಕತ್ತರಿ ಹಿಡಿದು ಸಾಲಾಗಿ ನಿಂತು, ಒಂದೊಂದು ಮೆರಿನೋ ತಳಿಯ ಕುರಿಯನ್ನು ಎಳೆದು ತಂದು ಮಂಡಿಗಳ ನಡುವೆ ಕೂರಿಸಿ, ಕಂಬಳಿ ಬಿಚ್ಚಿದಂತೆ ಉಣ್ಣೆ ಬಿಚ್ಚುತ್ತಿದ್ದರು. ಮೋಟಾರುಗಳ ಗುಂಯ್ ಸದ್ದು, ಉಣ್ಣೆಯ ಜಿಡ್ಡಿನ ವಾಸನೆ. ಲೆಸ್ಟರ್ ಎದೆಗೆ ಪಟ್ಟಿ ಕಟ್ಟಿ ಮೇಲಿನ ತೊಲೆಗೆ ಸ್ಪ್ರಿಂಗಿನಿಂದ ನೇತುಹಾಕಿಕೊಂಡು ಬಾಗಿ ದುಡಿಯುತ್ತಿದ್ದ. ಅವನ ಕೈಯಲ್ಲಿ ಅವಸರವಿರಲಿಲ್ಲ, ಆದರೆ ಪಕ್ಕದ ಮೂವತ್ತರ ಹರೆಯದವನಿಗಿಂತ ಎರಡು ಕುರಿ ಮುಂದಿದ್ದ.

ಮೆರಿನ್ ನೋಡುತ್ತ ನಿಲ್ಲಲಾರದೆ ಅತ್ತಿಂದಿತ್ತ ಓಡಾಡಿದಳು. ಮೂರು ಸಲ ಎಲ್ಲರ ದಾರಿಗೆ ಅಡ್ಡ ಬಂದ ಮೇಲೆ ನೈರೀ ಅವಳ ಕೈಗೆ ಪೊರಕೆ ಕೊಟ್ಟಳು. ಸಂಜೆ ಐದೂವರೆಯವರೆಗೆ ಗುಡಿಸಿದಳು. ರಾತ್ರಿ ಕುರಿಮಾಂಸದ ಚಾಪ್ಸ್, ಆಲೂಗಡ್ಡೆ ತಿಂದು ಎಲ್ಲರೂ ಬೇಗ ಮಲಗಿದರು.

ಮರುದಿನ ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಲೆಸ್ಟರ್ ಒಂದು ದೊಡ್ಡ ಟಗರನ್ನು ಬಾಗಿಲಿಂದ ಹಿಂದಕ್ಕೆಳೆಯುತ್ತಿದ್ದ. ಅದು ಕಾಲೂರಿ ಒಮ್ಮೆಲೇ ಒದ್ದಿತು. ಅವನು ಬೀಳಲಿಲ್ಲ. ಕುರಿಯನ್ನು ಬಿಟ್ಟು, ಎರಡೂ ಕೈ ಗೋಡೆಗೆ ಆನಿಸಿ ನಿಂತ. ಆಮೇಲೆ ಗೋಡೆ ಹಿಡಿದೇ ಮೆಲ್ಲಗೆ ಮಂಡಿಯೂರಿ, ಹಲಗೆ ಹಾಸಿದ ನೆಲದ ಮೇಲೆ ಪಕ್ಕಕ್ಕೆ ಮಲಗಿಕೊಂಡ. ಮೋಟಾರುಗಳು ಒಂದೊಂದಾಗಿ ನಿಂತವು.

ಫಾರಂ ಮನೆಯ ಹೆಂಗಸು ಫೋನ್ ಹಿಡಿದು ಓಡಿಬಂದಳು. ಡಾಕ್ಟರು ಅತ್ತ ಕಡೆಯಿಂದ ಒಂದೊಂದೇ ಕೇಳಿದರು. ಕಾಲ್ಬೆರಳು ಆಡುತ್ತವೆಯೇ, ಪಾದಕ್ಕೆ ಸ್ಪರ್ಶ ಗೊತ್ತಾಗುತ್ತದೆಯೇ. ಎರಡೂ ಇತ್ತು. ರೋಗಿಗಳನ್ನು ಒಯ್ಯುವ ವಿಮಾನ ಬೇರೊಂದು ಕಡೆ ಹೋಗಿದೆ, ಬರುವಾಗ ಸಂಜೆಯಾದೀತು, ಕಾಯಬಹುದು ಎಂದರು. ಇಲ್ಲವಾದರೆ ಮಲಗಿಸಿಕೊಂಡು ರಸ್ತೆಯಲ್ಲಿ ನಿಧಾನವಾಗಿ ತರಬಹುದು. ಲೆಸ್ಟರ್ ನೆಲದ ಮೇಲಿಂದಲೇ, ಮಲಗಿ ಕಾಯೋದು ನನ್ನ ಕೈಲಾಗಲ್ಲ, ಹೊರಡಿ ಎಂದ.

ಹಳೆಯ ವ್ಯಾನಿನಲ್ಲಿ ಮಲಗಿಸಲು ಜಾಗವಿರಲಿಲ್ಲ. ಆರ್ನೋ ಗೋವಾನಾದ ತೊಟ್ಟಿಯಲ್ಲಿ ಉಳಿದಿದ್ದ ಸಾಮಾನೆಲ್ಲ ಇಳಿಸತೊಡಗಿದ. ನೈರೀ ಮತ್ತು ಮೆರಿನ್ ಹಿಂದಿನ ಸೀಟಿನ ಮುಂದಿದ್ದ ಕಾಲಿಡುವ ಗುಂಡಿಗೆ ಹಾಸಿಗೆಯ ಸುರುಳಿಗಳನ್ನು ತುರುಕಿ ಸೀಟಿನ ಮಟ್ಟಕ್ಕೆ ತಂದರು. ಅದರ ಮೇಲೆ ಉಣ್ಣೆ ತುಂಬಿದ ಚೀಲ ಹರಡಿದರು. ನಾಲ್ವರು ಅವನನ್ನು ಒಂದು ಬಿಡಿ ಹಲಗೆಯ ಮೇಲೆ ಎತ್ತಿ ತಂದು ಮಂಡಿ ಮಡಿಸಿ ಪಕ್ಕಕ್ಕೆ ಮಲಗಿಸಿದರು. ಆರ್ನೋ ಸ್ಟೀರಿಂಗ್ ಹಿಂದೆ ಕೂತ. ಎಂಜಿನ್ ಹಚ್ಚದೆ ಮತ್ತೆ ಮತ್ತೆ ಹಿಂದಕ್ಕೇ ತಿರುಗಿ ನೋಡಿದ. ಲೆಸ್ಟರ್ ಅವನ ತಂಗಿಯ ಗಂಡ ಎಂದು ನೈರೀ ಮೆರಿನ್‌ಗೆ ಹೇಳಿದ್ದು ಆಗಲೇ.

“ಇಳೀರಿ ಯಜಮಾನ್ರೆ,” ಎಂದಳು ನೈರೀ. “ಗಾಡಿ ಓಡಿಸೋಕೆ ಸಂಬಳ ತಗೊಳೋಳು ಇಲ್ಲಿ ಒಬ್ಬಳೇ ಇದಾಳೆ.”

ಆರ್ನೋ ಇಳಿದು ಮೆರಿನ್‌ಳ ಮುಖ ನೋಡಿದ. ಕೀಲಿಕೈ ಕೊಟ್ಟ.

*

ಮೊದಲ ಹನ್ನೆರಡು ಕಿಲೋಮೀಟರು ಮೆರಿನ್ ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ ಓಡಿಸಿದಳು. ಮೂವತ್ತರ ವೇಗ. ನೈರೀ ಪಕ್ಕದ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಮಂಡಿಯೂರಿ, ಲೆಸ್ಟರ್‌ನ ಭುಜ ಹಿಡಿದುಕೊಂಡಿದ್ದಳು. ಚಕ್ರ ಒಂದೊಂದು ಅಲೆಯನ್ನೂ ಹತ್ತಿತು, ಒಂದೊಂದರಿಂದಲೂ ಇಳಿಯಿತು. ಟಡ್ ಟಡ್ ಟಡ್ ಟಡ್. ಲೆಸ್ಟರ್ ಟವೆಲು ಕಚ್ಚಿಕೊಂಡಿದ್ದ. ಕಿರುಚಿದ್ದರೆ ವಾಸಿಯಿತ್ತು. ಮೂಗಿನಿಂದ ಬರುತ್ತಿದ್ದ ಆ ಸಣ್ಣ ಸದ್ದು ಮೆರಿನ್‌ಳ ಕುತ್ತಿಗೆಯ ಹಿಂಭಾಗಕ್ಕೆ ಸೂಜಿ ಚುಚ್ಚಿದ ಹಾಗಿತ್ತು. ಈ ವೇಗದಲ್ಲಿ ಡಾಂಬರು ಮುಟ್ಟಲು ಇನ್ನೂ ನಾಲ್ಕು ತಾಸು.

ಬಲಗಾಲು ಒತ್ತು ಒತ್ತು ಎನ್ನುತ್ತಿತ್ತು. ಅವಳಿಗೆ ಆ ಕಾಲಿನ ಮೇಲೆ ನಂಬಿಕೆಯಿರಲಿಲ್ಲ. ಹುಟ್ಟಿನಿಂದಲೂ ಸುಮ್ಮನಿರಲಾರದ ಕಾಲು ಅದು. ಈಗ ಅದು ಹೇಳುತ್ತಿರುವುದು ಬುದ್ಧಿಯೋ ಚಡಪಡಿಕೆಯೋ? ಇಂಥ ಅಲೆಹಾದಿಯಲ್ಲಿ ವೇಗ ಹೆಚ್ಚಾದಷ್ಟೂ ಚಕ್ರ ಅಲೆಗಳ ನಡುವೆ ಇಳಿಯದೆ ತುದಿಯಿಂದ ತುದಿಗೆ ತೇಲುತ್ತದೆ ಎಂಬುದು ಇಲ್ಲಿ ಓಡಿಸುವವರಿಗೆಲ್ಲ ಗೊತ್ತು. ಖಾಲಿ ತೊಟ್ಟಿಯ ಗೋವಾನಾ ತೇಲುವಷ್ಟು ಚೆನ್ನಾಗಿ ಬೇರಾವುದೂ ತೇಲದು, ಅದನ್ನು ಮಾಡಿದ್ದೇ ಅದಕ್ಕೆ. ಆದರೆ ತಗ್ಗುಗಳಿದ್ದವು. ಒಂದು ತಗ್ಗಿಗೆ ಆ ವೇಗದಲ್ಲಿ ಹೋಗಿ ಬಿದ್ದರೆ ಹಿಂದಿರುವವನ ಗತಿ?

ತಗ್ಗುಗಳು ಎಲ್ಲೆಲ್ಲಿವೆ ಎಂದು ಯೋಚಿಸಿದಳು. ಯೋಚಿಸಬೇಕಾಗಿಯೇ ಇರಲಿಲ್ಲ. ನಿನ್ನೆಯ ಹಾದಿಯನ್ನು ಅವಳ ಬೆನ್ನು ಬಾಯಿಪಾಠ ಮಾಡಿಟ್ಟುಕೊಂಡಿತ್ತು. ಫಾರಂನಿಂದ ಎರಡನೇ ಗೇಟು ದಾಟಿದ ಮೇಲೆ ಕಲ್ಲಿನ ಹಳ್ಳ, ಅದಾದ ಮೇಲೆ ಜೋಡಿ ತಗ್ಗು, ಆಮೇಲೆ ತುಕ್ಕು ಹಿಡಿದ ಟ್ಯಾಂಕಿನವರೆಗೆ ಬರೀ ಅಲೆ.

ಗಾಡಿ ನಿಲ್ಲಿಸಿ ಹಿಂದಕ್ಕೆ ತಿರುಗಿದಳು.

“ಲೆಸ್ಟರ್, ನಿಧಾನಕ್ಕೆ ಹೋದ್ರೆ ಒಂದೊಂದು ಅಲೇನೂ ನಿಮ್ಮ ಬೆನ್ನಿಗೇ ಬರುತ್ತೆ. ಜೋರಾಗಿ ಹೋದ್ರೆ ಮೇಲ್ಮೇಲೇ ತೇಲಿಸ್ಕೊಂಡು ಹೋಗ್ಬಹುದು. ಆದ್ರೆ ಒಂದೇ ಒಂದು ತಗ್ಗು ನನ್ನ ಕಣ್ತಪ್ಪಿದ್ರೂ ಈಗಿರೋದಕ್ಕಿಂತ ಕೆಟ್ಟದಾಗುತ್ತೆ.”

ಡಾಕ್ಟರು ನಿಧಾನಕ್ಕೆ ಎಂದಿದ್ದಾರೆ ಎಂದು ನೈರೀ ಗಟ್ಟಿಯಾಗಿಯೇ ಹೇಳಿದಳು. ಲೆಸ್ಟರ್ ಟವೆಲು ತೆಗೆದ. ಅವನ ತುಟಿಯಲ್ಲಿ ರಕ್ತವಿರಲಿಲ್ಲ.

“ಇದನ್ನ ನೀನು ಬರೆಯೋ ಥರ ಹೇಳ್ತಿದೀಯೋ, ಓಡಿಸಿ ನೋಡಿ ಹೇಳ್ತಿದೀಯೋ?”

ಮೆರಿನ್‌ಳ ಮುಖಕ್ಕೆ ಬಿಸಿ ಏರಿತು.

“ಓಡಿಸಿ ನೋಡಿ.”

“ಹಾಗಾದ್ರೆ ಗಾಡಿ ಬಿಡಮ್ಮ. ನೈರೀ, ನೀನು ಮುಂದೆ ನೋಡ್ಬೇಡ, ನನ್ನನ್ನೇ ನೋಡ್ತಿರು.”

ಮೆರಿನ್ ಕಾಲು ಒತ್ತಿದಳು. ನಲವತ್ತಕ್ಕೆ ನಡುಕ ಹೆಚ್ಚಾಯಿತು, ಐವತ್ತಕ್ಕೆ ಗಾಡಿಯೇ ಬಿಚ್ಚಿಹೋಗುವಂತೆ ಅದುರಿತು. ಹಿಂದಿನಿಂದ ಒಂದು ನರಳು ಕೇಳಿತು. ನೈರೀ ಅವಳನ್ನು ಬೈದಳು. ಎಪ್ಪತ್ತು ದಾಟಿದ ಮೇಲೆ ಅದುರು ಮೆಲ್ಲಗೆ ಇಳಿಯತೊಡಗಿತು. ಎಂಬತ್ತೈದಕ್ಕೆ ಟಡ್ ಟಡ್ ಹೋಗಿ ಒಂದೇ ಸಮನಾದ ಗುಂಗಾಯಿತು, ತೊಂಬತ್ತಕ್ಕೆ ಅದೂ ತೆಳುವಾಯಿತು. ಸ್ಟೀರಿಂಗ್ ಹಗುರವಾಗಿ, ಹಿಂಭಾಗ ತುಸು ಅತ್ತಿತ್ತ ಜಾರುತ್ತ, ಗಾಡಿ ನೀರಿನ ಮೇಲಿದ್ದ ಹಾಗೆ ಹೊರಟಿತು. ಲೆಸ್ಟರ್‌ನ ಉಸಿರು ಬಾಯಿಂದ ಬರತೊಡಗಿದೆ ಎಂದು ನೈರೀ ಹೇಳಿದಳು.

ಅಲ್ಲಿಂದ ಮುಂದೆ ಮೆರಿನ್ ಹಾದಿಯಿಂದ ಕಣ್ಣು ತೆಗೆಯಲಿಲ್ಲ. ತಗ್ಗು ಬರುವ ಅರ್ಧ ಕಿಲೋಮೀಟರು ಮುಂಚೆಯೇ ಕಾಲು ತೆಗೆಯುವಳು. ಬ್ರೇಕನ್ನು ಮೊಟ್ಟೆಯ ಮೇಲೆ ಒತ್ತಿದಂತೆ ಒತ್ತುವಳು. ಮನುಷ್ಯ ನಡೆಯುವ ವೇಗಕ್ಕೆ ಇಳಿಸಿ, ಚಕ್ರಗಳನ್ನು ಒಂದೊಂದಾಗಿ ಇಳಿಸಿ ಒಂದೊಂದಾಗಿ ಹತ್ತಿಸುವಳು. ಮತ್ತೆ ಆ ಕೆಟ್ಟ ನಡುಕದ ಗಡಿ ದಾಟಿ ತೊಂಬತ್ತಕ್ಕೆ. ಗಡಿ ದಾಟುವಾಗೆಲ್ಲ ಲೆಸ್ಟರ್‌ಗೆ ಮೊದಲೇ ಹೇಳುವಳು, ಅವನು ಟವೆಲು ಕಚ್ಚಿಕೊಳ್ಳುವನು. ಹದಿನಾರು ತಗ್ಗುಗಳನ್ನು ಹೀಗೆ ದಾಟಿಸಿದಳು.

ಹದಿನೇಳನೆಯದು ಇನ್ನೂ ದೂರವಿದ್ದಾಗ ಎಡಗಡೆಯ ಪೊದೆಗಳಿಂದ ಕಾಡುಮೇಕೆಗಳ ಹಿಂಡು ಹಾದಿಗೆ ನುಗ್ಗಿತು. ಇಪ್ಪತ್ತೋ ಮೂವತ್ತೋ. ಜೋರಾಗಿ ಬ್ರೇಕ್ ಒತ್ತಿದರೆ ಲೆಸ್ಟರ್ ಸೀಟಿನಿಂದ ಉರುಳುತ್ತಾನೆ, ಒತ್ತದಿದ್ದರೆ ಮೇಕೆಗಳು. ಮೆರಿನ್ ಕಾಲು ತೆಗೆದು, ಬಲಕ್ಕೆ ಹಾದಿಯ ಏರುದಿಬ್ಬದ ಮೇಲೆ ಎರಡು ಚಕ್ರ ಹತ್ತಿಸಿ, ಮೃದು ಮಣ್ಣಿಗೆ ಗಾಡಿಯನ್ನು ತನ್ನಷ್ಟಕ್ಕೆ ನಿಲ್ಲಲು ಬಿಟ್ಟಳು. ಅದು ವಾಲಿತು, ಬಾಲ ಒಂದು ಸಲ ಬೀಸಿತು, ಧೂಳು ಮುಂದಕ್ಕೆ ಹಾದುಹೋಯಿತು. ನಿಂತಾಗ ಒಂದು ಹೋತ ಬಾನೆಟ್ಟಿನ ಮುಂದೆ ನಿಂತು ಅವರನ್ನು ನೋಡುತ್ತಿತ್ತು. ಮೆರಿನ್‌ಗೆ ಕೈಗಳನ್ನು ಸ್ಟೀರಿಂಗಿನಿಂದ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

“ಏನಾಯ್ತು?” ಎಂದ ಲೆಸ್ಟರ್.

“ಮೇಕೆ,” ಎಂದಳು ನೈರೀ. ಅವಳು ಮುಂದೆ ನೋಡಿಬಿಟ್ಟಿದ್ದಳು. ಮುಖ ಬೂದಿಯಾಗಿತ್ತು.

“ದೇವರೇ, ಕುರಿ ಅಲ್ವಲ್ಲ,” ಎಂದ ಅವನು. ನಗಲು ಹೋಗಿ ನೋವಾಗಿ ಸುಮ್ಮನಾದ.

ಎರಡು ತಾಸಿನ ಒಳಗೆ ಡಾಂಬರು ಮುಟ್ಟಿದರು. ಮೂರೂವರೆಗೆ ಪೀಟರ್‌ಬರೋದ ಆಸ್ಪತ್ರೆಯಲ್ಲಿ ಲೆಸ್ಟರ್ ಸೂಜಿ ಚುಚ್ಚಿಸಿಕೊಂಡು ಮಲಗಿದ್ದ.

*

ಮರುದಿನ ಅವನನ್ನು ಅಡಿಲೇಡಿಗೆ ಕಳಿಸಿದರು. ಬೆನ್ನೆಲುಬಿನ ಎರಡು ಬಿಲ್ಲೆ ಜಾರಿದ್ದವು. ನಡೆದಾಡಬಹುದು, ಕತ್ತರಿ ಹಿಡಿಯುವಂತಿಲ್ಲ. ಕಳಿಸುವ ಮೊದಲು ಮೆರಿನ್ ಅಲ್ಲಿನ ಡಾಕ್ಟರನ್ನು ಹೊರಗೆ ಹಿಡಿದು ನಿಲ್ಲಿಸಿ, ಆರು ತಿಂಗಳು ಕೆಟ್ಟ ಸೀಟಿನಲ್ಲಿ ಓಡಾಡಿದ್ದರಿಂದ ಹೀಗಾಗಿರಬಹುದೇ ಎಂದು ಕೇಳಿದಳು. ನಲವತ್ತನಾಲ್ಕು ವರ್ಷ ಬಗ್ಗಿ ನಿಂತ ಬೆನ್ನು, ಯಾವುದರ ಪಾಲು ಎಷ್ಟು ಎಂದು ಹೇಗೆ ಹೇಳಲಿ ಎಂದರು ಅವರು. ಹೌದು ಎಂದಿದ್ದರೂ ಇಲ್ಲ ಎಂದಿದ್ದರೂ ಅವಳು ಅದನ್ನು ಹಿಡಿದುಕೊಂಡು ಎಲ್ಲಾದರೂ ಹೋಗಬಹುದಿತ್ತು. ಈ ಉತ್ತರ ಹಿಡಿದುಕೊಂಡು ಆಸ್ಪತ್ರೆಯ ಅಂಗಳದಲ್ಲಿ ಅರ್ಧ ತಾಸು ಸುತ್ತಿದಳು.

ಆರ್ನೋ ವ್ಯಾನಿನಲ್ಲಿ ಬಂದ. ಅವಳು ತಪ್ಪಾಯಿತು ಎಂದಳು. ವಿಮಾನ ನಿಲ್ದಾಣದಲ್ಲಿ ಆ ವಾಕ್ಯ ಹೇಗೆ ಬರೆದೆ ಎಂಬುದನ್ನೂ ಹೇಳಿದಳು. ಬೈಯಿರಿ ಎಂದು ಬಾಯಿಬಿಟ್ಟೇ ಕೇಳಿದಳು.

“ಬೈದ್ರೆ ನಿಮಗೆ ಹಗುರ ಆಗುತ್ತೆ,” ಎಂದ ಅವನು. “ನನಗೇನಾಗುತ್ತೆ?” ಟೋಪಿಯ ಅಂಚು ತಿರುವುತ್ತ ಮತ್ತೆ ಹೇಳಿದ: “ಬಾಗಿಲ ಮೇಲಿನ ಚೀಟಿ ನಾನೂ ಓದ್ಲಿಲ್ಲ ಮೇಡಂ. ಕಣ್ಣೆದುರೇ ಇತ್ತು. ಮರಳಿನ ಮೇಲೆ ಹಾರ್ತಿರೋ ಆ ಫೋಟೋ ನೋಡ್ತಾ ಕೂತಿದ್ದೆ, ಮುದುಕನಿಗೆ ಹಾರೋ ಆಸೆ. ಲೆಸ್ಟರ್‌ನ ಹಿಂದೆ ಕೂರಿಸಿದ್ದು ನಾನೇ ಅಲ್ವಾ.”

ಅವನು ಒಳಗೆ ಹೋದ, ಅವಳು ನಿಂಬೆಬಣ್ಣದ ಕಾರು ಹತ್ತಿದಳು.

ಅಡಿಲೇಡಿಗೆ ಬಂದವಳು ಆ ಕಾರಿನ ಬಗ್ಗೆ ಬರೆಯಲೇ ಇಲ್ಲ. ಗೋವಾನಾದ ಬಗ್ಗೆ ಎರಡನೇ ಸಲ ಬರೆದಳು. ನಾಲ್ಕು ದಿನ ಹಿಡಿಯಿತು. ಎದ್ದು ಓಡಾಡಿ, ಬಂದು ಒಂದು ವಾಕ್ಯ ಬರೆದು, ಮತ್ತೆ ಎದ್ದು ಓಡಾಡಿ. ಪ್ರತಿ ವಾಕ್ಯಕ್ಕೂ ಲೆಸ್ಟರ್‌ನ ಪ್ರಶ್ನೆ ಕೇಳಿಕೊಂಡಳು, ಉತ್ತರ ಸರಿ ಬರದಿದ್ದದ್ದನ್ನು ಹೊಡೆದುಹಾಕಿದಳು. ಹೊರೆ ಹೇರಿದರೆ ಈ ಗಾಡಿ ಹೇಗೆ ಬಡಿಯುತ್ತದೆ ಎಂದು ಬರೆದಳು. ಹೊರೆ ಇಳಿಸಿದರೆ ಒಬ್ಬ ಮನುಷ್ಯನನ್ನು ಹೇಗೆ ತೇಲಿಸಿಕೊಂಡು ಬಂತು ಎಂದೂ ಬರೆದಳು. ತನ್ನ ಹಳೆಯ ವಾಕ್ಯವನ್ನು ಪೂರ್ತಿ ಎತ್ತಿ ಬರೆದು, ಇದನ್ನು ನಾನು ಪರೀಕ್ಷಿಸಿರಲಿಲ್ಲ ಎಂದು ಸೇರಿಸಿದಳು.

ಸಂಪಾದಕ ಹ್ಯೂಗೋ ಪ್ಯಾಸ್ಕೋ ಓದಿ, ಚೆನ್ನಾಗಿದೆ, ಆದರೆ ಆ ಕೊನೆಯದೊಂದು ಬೇಡ ಎಂದ. ಓದುಗರು ಉಳಿದದ್ದನ್ನೂ ಅನುಮಾನಿಸುತ್ತಾರೆ ಎಂಬುದು ಅವನ ಭಯ. ಅನುಮಾನಿಸಲಿ ಎಂದಳು ಮೆರಿನ್. ಮೂರು ವಾರ ಎಳೆದಾಡಿದರು. ಅವಳು ಕೀಲಿಕೈಗಳನ್ನು ಅವನ ಮೇಜಿನ ಮೇಲಿಟ್ಟು ಎರಡು ದಿನ ಬರಲಿಲ್ಲ. ಕೊನೆಗೆ ಅಕ್ಟೋಬರ್ ಸಂಚಿಕೆಯ ಒಳಪುಟದಲ್ಲಿ, ಚಿತ್ರವಿಲ್ಲದೆ, ಪೂರ್ತಿ ಅಚ್ಚಾಯಿತು. ಟೊರೆಕ್ ಕಂಪನಿ ಅವಳಿಗೆ ಗಾಡಿ ಕಳಿಸುವುದನ್ನು ನಿಲ್ಲಿಸಿತು. ಇನ್ನೆರಡು ಕಂಪನಿಗಳು ನೆಪ ಹೇಳಿದವು. ಓದುಗರಿಂದ ಮಾತ್ರ ದಿನಕ್ಕೆ ಹತ್ತಾರು ಪತ್ರ ಬರತೊಡಗಿದವು. ನಮ್ಮ ಗಾಡಿಯ ಚೀಟಿಯಲ್ಲಿ ಹೀಗಿದೆ, ನಾವು ಇಷ್ಟು ಜನ, ಸಾಮಾನು ಇಷ್ಟು, ಏನು ಮಾಡೋಣ? ಅವಳು ಕಿಟಕಿಯ ಬಳಿ ನಿಂತೇ ಒಂದೊಂದಕ್ಕೂ ಉತ್ತರ ಬರೆದಳು.

ಆರ್ನೋ ಗೋವಾನಾವನ್ನು ಕಡಲತೀರದ ಒಬ್ಬ ಹಲ್ಲಿನ ವೈದ್ಯನಿಗೆ ಮಾರಿ, ಗಡಸು ಸ್ಪ್ರಿಂಗು ಪಟ್ಟಿಗಳ ಮಾಮೂಲಿ ಯೂಟು ತಂದ. ಕತ್ತರಿಯ ಹಲ್ಲು ಮಸೆಯುವ ಕೆಲಸವನ್ನು ಲೆಸ್ಟರ್‌ಗೆ ಕೊಟ್ಟ. ಅದಕ್ಕೆ ಕೂರಲು ಎತ್ತರದ ಸ್ಟೂಲನ್ನೂ ಮಾಡಿಸಿದ. ಲೆಸ್ಟರ್ ಅದರ ಮೇಲೆ ಕೂರುವುದಿಲ್ಲವೆಂದು ನೈರೀ ತಿಳಿಸಿದಳು.

ನವೆಂಬರ್ ಮೊದಲ ವಾರ ಒಂದು ಮಧ್ಯಾಹ್ನ ಲೆಸ್ಟರ್‌ನೇ ಫೋನ್ ಮಾಡಿದ. ಹಿನ್ನೆಲೆಯಲ್ಲಿ ಮಸೆಯುವ ಯಂತ್ರ ತಿರುಗುತ್ತಿತ್ತು. ಬರೆದದ್ದನ್ನು ಹೆಂಡತಿ ಗಟ್ಟಿಯಾಗಿ ಓದಿದಳು, ಎರಡು ಸಲ ಓದಿಸಿದೆ ಎಂದ. ಮೆರಿನ್ ಕಾದಳು.

“ಎಲ್ಲ ಸರಿ ಇದೆ ಕಣಮ್ಮ. ಒಂದು ಬಿಟ್ಟು. ನನ್ನ ವಯಸ್ಸು ಅರವತ್ತೆರಡು ಅಂತ ಹಾಕಿದೀಯ. ಅರವತ್ತೊಂದು. ಯಾರನ್ನ ಕೇಳಿ ಬರ್ದೆ?”

ಯಾರನ್ನೂ ಕೇಳಿರಲಿಲ್ಲ ಎಂದು ಅವಳಿಗೆ ನೆನಪಾಯಿತು. ಹಾಗೆಂದೇ ಹೇಳಿದಳು. ಅವನು ಆ ಕಡೆ ಬಹಳ ಹೊತ್ತು ನಕ್ಕ. ನಗುವಾಗ ಈಗ ಅಷ್ಟು ನೋಯುವುದಿಲ್ಲವೆಂದ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿಸುತ್ತೇನೆಂದು ಅವಳು ಮಾತು ಕೊಟ್ಟಳು. ಹ್ಯೂಗೋ ಇದಕ್ಕೂ ಜಾಗವಿಲ್ಲ ಎಂದ. ಅವಳು ಅವನ ಮೇಜಿನ ಮುಂದೆ ನಿಂತುಕೊಂಡಳು, ಜಾಗ ಸಿಕ್ಕಿತು.